ಬಲಗಡೆಯಿಂದ ಮೊದಲನೆಯ ಗುಳಿ

ಮಾರ್ಚ್ 3, ಸೋಮವಾರ

ಯಂತ್ರ ಬಂತು. ಬೀರುವಿನಷ್ಟು ದೊಡ್ಡದಿರಬಹುದು ಎಂದುಕೊಂಡಿದ್ದೆ. ನೋಡಿದರೆ ಅಡುಗೆಮನೆಯ ಓವನ್‌ಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇಬ್ಬರು ಹೊತ್ತು ತಂದು ಜೆಲ್ ಕೋಣೆಯ ಕಿಟಕಿಯ ಪಕ್ಕ ಇಟ್ಟರು. ಅಲ್ಲಿ ನನ್ನ ಕುರ್ಚಿ ಇತ್ತು. ಅದನ್ನು ಯಾರೋ ಬಾಗಿಲ ಹಿಂದಕ್ಕೆ ತಳ್ಳಿದ್ದರು.

ಈ ಲ್ಯಾಬಿನಲ್ಲಿ ಇಷ್ಟು ವರ್ಷ ಜೆಲ್ ಫೋಟೋ ಎಂದರೆ ನಾನು. ರಕ್ತದಿಂದ ತೆಗೆದ ಡಿಎನ್‌ಎಯನ್ನು ಜೆಲ್ಲಿನ ಗುಳಿಗಳಿಗೆ ಒಂದೊಂದೇ ಹನಿ ತುಂಬುವುದು, ಕರೆಂಟ್ ಹಾಯಿಸುವುದು, ಆಮೇಲೆ ಕತ್ತಲೆ ಕೋಣೆಗೆ ಒಯ್ದು ನೇರಳೆ ದೀಪದ ಮೇಲಿಟ್ಟು ಹೊಳೆಯುವ ಗೆರೆಗಳ ಫೋಟೋ ತೆಗೆಯುವುದು. ಯಾವ ಮಗುವಿಗೆ ಅಪ್ಪ ಅಮ್ಮನಿಂದ ರಕ್ತದ ಕಾಯಿಲೆ ಬಂದಿದೆ, ಯಾವುದು ಪಾರಾಗಿದೆ ಎಂಬುದನ್ನು ಆ ಗೆರೆಗಳೇ ಹೇಳುತ್ತವೆ. ಅವು ಹೇಳಿದ್ದನ್ನು ಮೊದಲು ಕೇಳಿಸಿಕೊಳ್ಳುವವಳು ನಾನು.

ನಮ್ಮ ಮುಖ್ಯಸ್ಥರು ಪ್ರತಿ ಮಾತಿಗೂ ಮೊದಲು ಹೂಂ ಎನ್ನುತ್ತಾರೆ. ಅದಕ್ಕೇ ಬೆನ್ನ ಹಿಂದೆ ನಾವೆಲ್ಲ ಅವರನ್ನು ಹೂಂ ಡಾಕ್ಟರು ಎನ್ನುತ್ತೇವೆ. ಅವರು ಎಲ್ಲರನ್ನೂ ಕರೆದು, "ಹೂಂ, ಇನ್ಮೇಲೆ ಫೋಟೋ ತೆಗೆಯೋದು, ಗೆರೆ ಓದೋದು, ಯಾರದು ಯಾವುದು ಅಂತ ನಂಬರ್ ಹಾಕೋದು, ಎಲ್ಲ ಇದೇ ಮಾಡತ್ತೆ. ಆದ್ರೆ ಯಾವುದಾದ ಮೇಲೆ ಯಾವುದು ಅಂತ ಇದಕ್ಕೆ ಹೇಳಿಕೊಡಬೇಕು. ವರ್ಕ್‌ಫ್ಲೋ ಅಂತಾರೆ. ಆ ಕೆಲಸ..." ಎಂದು ಸುತ್ತ ನೋಡಿದರು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಚಿಕ್ಕವರು ಮಾಡಲಿ" ಎಂದರು.

ಚಿಕ್ಕವರು ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಹೋದ ವರ್ಷ ಅತ್ತೆ ಪೀಡಿಸಿದರೆಂದು ನಾನೇ ಇಲ್ಲಿ ಒಂದು ಮಾತು ಹಾಕಿದ್ದೆ. ಕೆಲಸ ಸಿಕ್ಕಿತು. ಮನೆಯಲ್ಲಿ ಒಂದೇ ಒಲೆ, ಲ್ಯಾಬಿನಲ್ಲಿ ಒಂದೇ ಕೋಣೆ. ಈಗ ಒಂದೇ ಕುರ್ಚಿಯ ಜಾಗ.

ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದರು. ಈ ತಿಂಗಳೆಲ್ಲ ಪರೀಕ್ಷೆ. ಅವಳ ಜೆಲ್, ನನ್ನ ಜೆಲ್ ಎರಡನ್ನೂ ಯಂತ್ರ ಓದಬೇಕು. ಅದು ಓದಿದ್ದು ನನ್ನ ಕತ್ತಲೆ ಕೋಣೆಯ ಫಲಿತಾಂಶಕ್ಕೆ ಹೊಂದಬೇಕು. ಅಲ್ಲಿಯವರೆಗೆ ರೋಗಿಗಳಿಗೆ ಹೋಗುವುದು ನನ್ನದೇ ವರದಿ. ಏಪ್ರಿಲ್‌ನಿಂದ ಜೆಲ್ ಕೋಣೆಗೆ ಒಬ್ಬರೇ ಉಸ್ತುವಾರಿ. ಯಾರು ಎಂದು ಆಗ ಹೇಳುತ್ತಾರಂತೆ. ಆ ಉಸ್ತುವಾರಿಗಾಗಿ ನಾನು ಕಾದಿರುವಷ್ಟು ಕಾಲ ಅವಳು ಶಾಲೆಗೂ ಹೋಗಿರಲಿಕ್ಕಿಲ್ಲ.

ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಸುಮ್ಮನೆ ಬರೆದಿಡುತ್ತಿದ್ದೇನೆ.

ಮಾರ್ಚ್ 5, ಬುಧವಾರ

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಚಿಕ್ಕ ರಾಣಿಯವರು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಯಂತ್ರದ ಗಾಜು ಒರೆಸುತ್ತಿದ್ದರು. ಪ್ರತಿಯೊಂದು ಟ್ರೇಗೂ ಸ್ಟಿಕ್ಕರ್ ಅಂಟಿಸಿದ್ದಾಳೆ. ಯಂತ್ರ ಮೊದಲು ಸ್ಟಿಕ್ಕರ್ ಓದುತ್ತದೆ. ಇದು ಯಾರ ಟ್ರೇ, ಎಷ್ಟು ಗುಳಿಯದು ಎಂದು ತಿಳಿದುಕೊಂಡು ಆಮೇಲೆ ದೀಪ ಹಾಕುತ್ತದೆ. ನನ್ನ ದೊಡ್ಡ ಟ್ರೇಗೂ ಒಂದು ಅಂಟಿಸಿದಳು. ನನ್ನ ಹೆಸರಿನ ಬದಲು "ಅಕ್ಕ" ಎಂದು ಬರೆದಿದ್ದಳು. ಲ್ಯಾಬಿನಲ್ಲೂ ಅಕ್ಕನಂತೆ.

"ಅಕ್ಕಾ, ನೀವು ಜೆಲ್ ತುಂಬೋದು, ಫೋಟೋ ತೆಗೆಯೋದು ಒಂದ್ಸಲ ನೋಡ್ಲಾ? ಅದೇ ಥರ ಇದಕ್ಕೂ ಹೇಳಿಕೊಡಬಹುದು" ಎಂದಳು. ಕತ್ತಲೆ ಕೋಣೆಯಲ್ಲಿ ಇಬ್ಬರು ನಿಲ್ಲಲು ಜಾಗವಿಲ್ಲ ಎಂದೆ. ಜಾಗ ಇದೆ. ಹೋದ ವರ್ಷ ಬಣ್ಣ ಹೊಡೆಯುವವರು ಮೂವರು ಏಣಿ ಸಮೇತ ನಿಂತಿದ್ದರು. ಆದರೆ ಅವಳು ಸರಿ ಎಂದು ತಲೆಯಾಡಿಸಿ ಹೊರಟುಹೋದಳು. ಅತಿ ವಿನಯಂ ಧೂರ್ತಲಕ್ಷಣಂ.

ಸಂಜೆ ಅತ್ತೆ ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ, "ನಮ್ಮ ಚಿಕ್ಕವಳು ಮೆಷಿನ್‌ಗೇ ಪಾಠ ಹೇಳ್ತಿದಾಳೆ ಕಣ್ರೀ" ಎಂದರು. ಪಕ್ಕದವರು, "ದೊಡ್ಡ ಸೊಸೆ ಏನ್ಮಾಡ್ತಾಳೆ?" ಎಂದು ಕೇಳಿದರು. "ಅವಳಾ, ಅವಳು ಫೋಟೋ ತೆಗೀತಾಳೆ" ಎಂದರು ಅತ್ತೆ. ಮದುವೆ ಮನೆಯಲ್ಲಿ ಸ್ಟೇಜಿನ ಪಕ್ಕ ನಿಂತು ಕ್ಲಿಕ್ ಮಾಡುವವಳು ಎಂದುಕೊಂಡಿರಬೇಕು ಆ ಹೆಂಗಸು.

ರಾತ್ರಿ ನಮ್ಮ ಯಜಮಾನರಿಗೆ ಹೇಳಿದರೆ ನಕ್ಕರು. "ಎರಡು ಜುಟ್ಟು ಒಂದಾಗಬಹುದು, ಎರಡು ಜಡೆ ಒಂದಾಗಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ನನ್ನ ಜಡೆ ಈಗ ಬೆರಳಿನಷ್ಟು ಉಳಿದಿದೆ. ಅವಳದ್ದು ಸೊಂಟದವರೆಗಿದೆ. ಅದನ್ನೂ ಇಲ್ಲಿ ಬರೆಯಬೇಕಾಗಿರಲಿಲ್ಲ.

ಮಾರ್ಚ್ 10, ಸೋಮವಾರ

ಅವಳ ಜೆಲ್ಲನ್ನು ಯಂತ್ರ ಇವತ್ತು ಮೊದಲ ಸಲ ಓದಿತು. ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿದಳು. ಒಳಗೆ ಏನೋ ಟಿಕ್ ಎಂದಿತು. ನಾನು ಕೈಗವಸು ಕಳಚುವಷ್ಟರಲ್ಲಿ ಪರದೆಯ ಮೇಲೆ ಫಲಿತಾಂಶದ ಹಾಳೆ ಬಂದಿತ್ತು. ಒಂದನೆಯವರಿಗೆ ಇಲ್ಲ, ಎರಡನೆಯವರಿಗೆ ಇದೆ, ಹೀಗೆ. ನಾನು ನನ್ನ ಕೋಣೆಯಲ್ಲಿ ಅದೇ ಜೆಲ್ಲಿಗೆ ಮಧ್ಯಾಹ್ನದವರೆಗೆ ಕೂತು ಬರೆದ ಹಾಳೆಗೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ.

ಹೂಂ ಡಾಕ್ಟರು ಚಪ್ಪಾಳೆ ತಟ್ಟಿದರು. ನನ್ನ ಫೋಟೋಗಳಿಗೆ ಇಷ್ಟು ವರ್ಷದಲ್ಲಿ ಅವರು "ಹೂಂ" ಎಂದಿದ್ದೇ ದೊಡ್ಡದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಹೊಟ್ಟೆ ಉರಿಯಿತು. ಹೌದು, ಉರಿಯಿತು. ಇಲ್ಲಿ ಬರೆದರೆ ಯಾರು ನೋಡುತ್ತಾರೆ. ಅವಳು ಸಂತೋಷದಲ್ಲಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಹೆದರಿದ್ದಳು ಎಂದು ಕಾಣುತ್ತದೆ. ಹೆದರುವಂಥದ್ದು ಏನಿತ್ತು ಅವಳಿಗೆ.

ಮಾರ್ಚ್ 14, ಶುಕ್ರವಾರ

ಇವತ್ತು ಬರೆಯಲು ಕೈ ತುರಿಸುತ್ತಿದೆ.

ನನ್ನ ಜೆಲ್ಲಿನ ಸರದಿ ಇತ್ತು. ನಾನು ಮೊದಲು ಕತ್ತಲೆ ಕೋಣೆಯಲ್ಲಿ ಫೋಟೋ ತೆಗೆದು, ಫಲಿತಾಂಶ ಬರೆದು, ಟ್ರೇಯನ್ನು ಅವಳ ಕೈಗೆ ಕೊಟ್ಟೆ. ಯಂತ್ರ ಓದಿತು. ಹೊಂದಲಿಲ್ಲ. ಕಾಯಿಲೆ ಇರುವ ಮಗುವಿಗೆ ಇಲ್ಲ ಎಂದಿತು, ಇಲ್ಲದ ತಾಯಿಗೆ ಇದೆ ಎಂದಿತು. ಸರಿಯಾಗಿ ಹೇಳಿದ್ದು ನಟ್ಟನಡುವಿನ ಗುಳಿಯವರೊಬ್ಬರದು, ಮತ್ತೆ ಅಲ್ಲೊಂದು ಇಲ್ಲೊಂದು. ಚಿಕ್ಕ ರಾಣಿಯ ಮುಖ ಬಿಳಿಚಿಕೊಂಡಿತು. ಡಾಕ್ಟರು ಹೂಂ ಎಂದರು. ಈ ಹೂಂ ಬೇರೆ ಥರದ್ದು.

ನನಗೂ ಮೊದಲು ತಿಳಿಯಲಿಲ್ಲ. ಆಮೇಲೆ ಸಿಂಕಿನ ಮುಂದೆ ಕೈ ತೊಳೆಯುತ್ತಿದ್ದಾಗ ನನ್ನ ಎಡಗೈಯನ್ನೇ ನೋಡಿದೆ, ಹೊಳೆಯಿತು. ನಾನು ಎಡಚಿ. ಎಲ್ಲರೂ ಮೊದಲನೆಯ ಗುಳಿಯನ್ನು ಎಡತುದಿಯಿಂದ ತುಂಬುತ್ತಾರೆ. ನಾನು ಬಲತುದಿಯಿಂದ. ತುಂಬಿದ ಗುಳಿಯ ಮೇಲೆ ಕೈ ಹಾಯಿಸಬಾರದು, ಎಡಚಿಗೆ ಬೇರೆ ದಾರಿಯಿಲ್ಲ. ಮೊದಲನೆಯ ಗುಳಿಯ ಪಕ್ಕದ ಮೂಲೆಯನ್ನು ಗುರುತಿಗೆ ಕತ್ತರಿಸುವುದು ಲ್ಯಾಬಿನ ಪದ್ಧತಿ. ಎಲ್ಲರೂ ಎಡ ಮೂಲೆ ಕತ್ತರಿಸಿದರೆ ನಾನು ಬಲ ಮೂಲೆ. ಫೋಟೋ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಅದನ್ನು ಎಡಬಲ ಮಾಡಿ ತಿರುಗಿಸಿಬಿಡುತ್ತೇನೆ. ಉಸಿರಾಡಿದಷ್ಟು ಅಭ್ಯಾಸ. ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

ಯಂತ್ರಕ್ಕೆ ಅದು ಗೊತ್ತಿಲ್ಲ. ಎಡದಿಂದ ಒಂದು ಎರಡು ಎಂದು ಎಣಿಸುತ್ತದೆ. ಸಾಲಿನ ಕೊನೆಯವರ ಕಾಯಿಲೆಯನ್ನು ಮೊದಲಿನವರ ತಲೆಗೆ ಕಟ್ಟುತ್ತದೆ.

ಹೇಳಲೇಬೇಕು ಎಂದೇನಿಲ್ಲ. ವರದಿ ಹೋಗುತ್ತಿರುವುದು ನನ್ನದು, ಯಾರಿಗೂ ತೊಂದರೆಯಿಲ್ಲ. ಪಾಠ ಹೇಳುವ ಮೇಡಂ ತಾವೇ ಕಂಡುಹಿಡಿಯಲಿ. ರಾತ್ರಿ ಎರಡು ತುತ್ತು ಹೆಚ್ಚಿಗೆ ಊಟ ಸೇರಿತು.

ಮಾರ್ಚ್ 15, ಶನಿವಾರ

ಇವತ್ತೂ ಹೊಂದಲಿಲ್ಲ. ಆಹಾ.

ಮಾರ್ಚ್ 19, ಬುಧವಾರ

ನಡುವಿನ ಗುಳಿಯದು ಮಾತ್ರ ಯಾವಾಗಲೂ ಸರಿ ಬರುತ್ತದೆ ಎಂಬುದನ್ನು ಅವಳು ಗಮನಿಸಿದ್ದಾಳೆ. ಅದಕ್ಕೇ ಲೆನ್ಸಿನ ದೋಷ ಎಂದು ತೀರ್ಮಾನಿಸಿದ್ದಾಳೆ. "ಅಕ್ಕನ ಟ್ರೇ ದೊಡ್ಡದು, ನಂದು ಚಿಕ್ಕದು. ದೊಡ್ಡದರ ಅಂಚು ಕ್ಯಾಮೆರಾಗೆ ಸರಿಯಾಗಿ ಸಿಗ್ತಿಲ್ಲ ಸಾರ್" ಎಂದಳು. ಕಂಪನಿಯವನನ್ನು ಕರೆಸಿದಳು. ಅವನು ಲೆನ್ಸ್ ಬಿಚ್ಚಿ ಒರೆಸಿ ಹಾಕಿ, ಕಾಫಿ ಕುಡಿದು ಹೋದ. ಹೊಂದಲಿಲ್ಲ. ದೀಪದ ಹೊಳಪು ಹೆಚ್ಚಿಸಿದಳು, ತಗ್ಗಿಸಿದಳು. ಟ್ರೇಯ ಅಡಿಗೆ ಕಪ್ಪು ಕಾಗದ ಹಾಕಿದಳು. ನಾನು ಬಾಗಿಲ ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಬುದ್ಧಿವಂತೆ, ಅದನ್ನು ಒಪ್ಪಬೇಕು. ಎಲ್ಲ ಕಡೆ ಹುಡುಕುತ್ತಾಳೆ, ಕತ್ತರಿಸಿದ ಮೂಲೆಯೊಂದನ್ನು ಬಿಟ್ಟು. ಎಲ್ಲರದೂ ಎಡಕ್ಕೇ ಇರುವಾಗ ಅದನ್ನು ಯಾರು ನೋಡುತ್ತಾರೆ.

"ಅಕ್ಕಾ, ನಿಮ್ಮ ಫೋಟೋ ಒಂದು ಕೊಡ್ತೀರಾ? ಪಕ್ಕದಲ್ಲಿಟ್ಟು ನೋಡ್ತೀನಿ."

ಪಕ್ಕದಲ್ಲಿಟ್ಟರೆ ಮಗುವಿಗೂ ಗೊತ್ತಾಗುತ್ತದೆ, ಒಂದು ಇನ್ನೊಂದರ ಕನ್ನಡಿ ಎಂದು. "ಫೈಲ್ ಬೀರುವಿನಲ್ಲಿದೆ, ನಾಳೆ ಕೊಡ್ತೀನಿ" ಎಂದೆ. ಸೋಮವಾರವೂ ಹಾಗೇ ಹೇಳಿದ್ದೆ. ಅವಳು ಸರಿ ಅಕ್ಕಾ ಎಂದು ಯಂತ್ರದ ಕಡೆ ಹೋದಳು. ಒಂದು ಸಲವಾದರೂ ಮುಖ ಸಿಂಡರಿಸಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ಬೇಳೆ ತಳ ಹಿಡಿಸಿದಳು.

ಮಾರ್ಚ್ 22, ಶನಿವಾರ

ಮೈದುನ ಅಮ್ಮನ ಹತ್ತಿರ ಏನು ಹೇಳಿದನೋ. ಊಟದ ಹೊತ್ತಿಗೆ ಅತ್ತೆ ಶುರು ಮಾಡಿದರು. "ಏನೇ ಚಿಕ್ಕವಳೇ, ಮೆಷಿನ್ ಮಾತು ಕೇಳ್ತಿಲ್ವಂತೆ? ಗೊತ್ತಿಲ್ದೆ ಇದ್ರೆ ಯಾಕೆ ಒಪ್ಕೋಬೇಕಿತ್ತು? ದೊಡ್ಡವಳನ್ನ ನೋಡಿ ಕಲಿ. ಇಷ್ಟು ವರ್ಷದಲ್ಲಿ ಅವಳ ಕೆಲಸದಲ್ಲಿ ಒಂದು ತಪ್ಪು ಅಂತ ಯಾರಾದ್ರೂ ಹೇಳಿದಾರಾ?"

ದೊಡ್ಡವಳನ್ನ ನೋಡಿ ಕಲಿ. ಈ ಮಾತಿಗೆ ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಕಾದಿದ್ದೆ. ಎಂದಾದರೂ ಅತ್ತೆಯ ಬಾಯಿಂದ ಬಂದರೆ ಏನು ಹೇಳಬೇಕು, ಹೇಗೆ ತಲೆ ತಗ್ಗಿಸಿ ನಗಬೇಕು ಎಂದೂ ಯೋಚಿಸಿಟ್ಟಿದ್ದೆ. ಬಂದೇ ಬಂತು. ನಾನು ನೀರಿನ ಲೋಟ ಎತ್ತಿ ಕುಡಿದೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಅದಕ್ಕಿರಬಹುದು.

"ಹೌದತ್ತೆ, ಅಕ್ಕನ ಹಾಗೆ ನಂಗೆ ಬರಲ್ಲ" ಎಂದಳು ಅವಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅರ್ಧ ಊಟ ಹಾಗೇ ಇತ್ತು. ಇದರಲ್ಲೂ ಒಳ್ಳೆಯವಳು ಅವಳೇ ಆದಳು, ನೋಡಿ.

ತೆಗೆದಿಟ್ಟಿದ್ದ ಕೆನೆ ಮೊಸರನ್ನು ಅವಳ ಕೋಣೆಯ ಮುಂದೆ ಇಟ್ಟು ಬಂದೆ. ಇಲ್ಲದಿದ್ದರೆ ಹುಳಿಯಾಗಿ ಕೆಟ್ಟುಹೋಗುತ್ತಿತ್ತು.

ಮಾರ್ಚ್ 27, ಗುರುವಾರ

ನಾಳೆ ಕೊನೆಯ ಪರೀಕ್ಷೆ. ನನ್ನ ಜೆಲ್ಲೇ. ಡಾಕ್ಟರು ಸ್ವತಃ ನಿಂತು ನೋಡುತ್ತಾರಂತೆ. ಹೊಂದದಿದ್ದರೆ ಯಂತ್ರವನ್ನು ನಮ್ಮ ಇನ್ನೊಂದು ಶಾಖೆಗೆ ಕಳಿಸಿ, ಇಲ್ಲಿ ಹಳೆಯ ಪದ್ಧತಿಯೇ ಮುಂದುವರಿಸುತ್ತಾರೆ. ಕತ್ತಲೆ ಕೋಣೆ ಉಳಿಯುತ್ತದೆ, ಉಸ್ತುವಾರಿ ನನ್ನದಾಗುತ್ತದೆ. ನಾನು ಇನ್ನೊಂದೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಮಧ್ಯಾಹ್ನ ಡಾಕ್ಟರ ಕೋಣೆಗೆ ವರದಿ ಕೊಡಲು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳಿದ್ದಳು.

"ಹೂಂ, ನಿಮ್ಮ ಜೆಲ್ ಒಂದೂ ತಪ್ಪಾಗಿಲ್ಲ. ಅವರದ್ದು ಒಂದೂ ಸರಿಯಾಗಿಲ್ಲ. ಹಾಗಿದ್ರೆ ತಪ್ಪು ಯಂತ್ರದ್ದಾ ಅವರದ್ದಾ? ವಯಸ್ಸಾಯ್ತು, ಕಣ್ಣು ಮೊದಲಿನ ಹಾಗಿರಲ್ಲ. ಅವರ ಜೆಲ್ ಬಿಟ್ಟುಬಿಡಿ. ನಿಮ್ಮದರ ಮೇಲೇ ಯಂತ್ರ ಪಾಸು ಅಂತ ಬರೀತೀನಿ."

ಅವಳು ಹೂಂ ಅಂದಿದ್ದರೆ ಮುಗಿಯಿತು. ಯಂತ್ರವೂ ಅವಳದು, ಕೋಣೆಯೂ ಅವಳದು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡ ಹಾಗೆ.

"ಇಲ್ಲ ಸಾರ್" ಎಂದಳು. "ಅಕ್ಕನ ಜೆಲ್ ತಪ್ಪಿರಲ್ಲ. ಅವರ ಕೈ ಮೇಲೆ ನಂಬಿಕೆ ಇಟ್ಟೇ ಯಂತ್ರ ಸರಿ ಮಾಡಬೇಕು. ನಾಳೆ ಆಗದಿದ್ರೆ ನಂಗೆ ಬರ್ಲಿಲ್ಲ ಅಂತ ಬರ್ಕೊಳ್ಳಿ. ಅವರ ಜೆಲ್ ಬಿಡೋದು ಬೇಡ."

ವರದಿ ಕೊಡದೇ ವಾಪಸ್ಸು ಬಂದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಪರ ವಕಾಲತ್ತು ಮಾಡಲು ಇವಳ್ಯಾರು? ನಾನು ಕೇಳಿದ್ದೆನಾ? ನನ್ನ ಕೈ ಮೇಲೆ ನಂಬಿಕೆಯಂತೆ. ಇವಳು ಹುಟ್ಟುವ ಮೊದಲೇ ಇದ್ದ ಕೈ ಇದು.

ಸಂಜೆ ಮನೆಯಲ್ಲಿ ಎಲ್ಲರಿಗೂ ಟೀ ಮಾಡಿದೆ. ಲೋಟಗಳನ್ನು ಸಾಲಾಗಿಟ್ಟು ಬಗ್ಗಿಸುತ್ತಿದ್ದೆ. ಅವಳು ಎದುರಿಗೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಎರಡು ಲೋಟ ತುಂಬಿಸುವಷ್ಟರಲ್ಲಿ, "ಅಕ್ಕಾ, ಲ್ಯಾಬಲ್ಲಿ ಒಂದು ಮರೆತು ಬಂದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಟೀ ಆರಿ ತಣ್ಣಗಾಯಿತು. ನನ್ನ ಟೀ ಅವಳ ಗಂಟಲಲ್ಲಿ ಇಳಿಯುವುದಿಲ್ಲವೋ ಏನೋ. ಬಿಸಿ ಮಾಡಿ ಮುಚ್ಚಿಟ್ಟಿದ್ದೇನೆ.

ಎಡ ಭುಜ ಸ್ವಲ್ಪ ನೋಯುತ್ತಿದೆ.

ಮಾರ್ಚ್ 28, ಶುಕ್ರವಾರ

ನಡೆದದ್ದನ್ನು ಸರಿಯಾಗಿ ಬರೆಯುತ್ತೇನೆ.

ಬೆಳಗ್ಗೆ ಜೆಲ್ ತುಂಬಲು ಕೂತಾಗಲೂ ಭುಜ ನೋಯುತ್ತಿತ್ತು. ಹಾಗಾಗಿ ಇವತ್ತು ಎಡತುದಿಯಿಂದ ತುಂಬಿದೆ. ಬೇರೆ ಕಾರಣವೇನೂ ಇಲ್ಲ. ಬಲಗೈಯಲ್ಲಿ ಪ್ರಯತ್ನಿಸಿದರೆ ಪಿಪೆಟ್ ನಡುಗಿತು, ಅದಕ್ಕೆ ಎಡಗೈಯಲ್ಲೇ ತುಂಬಿದೆ. ತುಂಬಿದ ಗುಳಿಗಳ ಮೇಲಿಂದ ಕೈ ಹಾಯುವಾಗ ಒಂದು ಹನಿಯೂ ಬೀಳದ ಹಾಗೆ ಉಸಿರು ಬಿಗಿಹಿಡಿದು, ಎಂದಿಗಿಂತ ಎರಡರಷ್ಟು ಹೊತ್ತು ತೆಗೆದುಕೊಂಡು. ಮೂಲೆಯನ್ನೂ ಎಲ್ಲರಂತೆ ಎಡಕ್ಕೇ ಕತ್ತರಿಸಿದೆ. ಕತ್ತಲೆ ಕೋಣೆಯಲ್ಲಿ ಫೋಟೋ ತೆಗೆದಾಗ ತಿರುಗಿಸುವ ಅಗತ್ಯವಿರಲಿಲ್ಲ. ಬೆರಳು ಮಾತ್ರ ಅಭ್ಯಾಸದಿಂದ ಎರಡು ಸಲ ಆ ಬಟನ್ ಕಡೆ ಹೋಯಿತು.

ಟ್ರೇ ಒಯ್ದು ಅವಳಿಗೆ ಕೊಟ್ಟೆ. ಅವಳ ಕಣ್ಣು ಕೆಂಪಗಿದ್ದರೂ ಮುಖದಲ್ಲಿ ಗೆಲುವಿತ್ತು. "ಅಕ್ಕಾ, ಇವತ್ತು ಸರಿ ಬರತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬರುತ್ತದೆ ಎಂದು ನನಗೂ ಗೊತ್ತಿತ್ತು. ಇವಳಿಗೆ ಹೇಗೆ ಗೊತ್ತು ಎಂದು ಮಾತ್ರ ಯೋಚಿಸಲಿಲ್ಲ.

ಡಾಕ್ಟರು ಕೈಕಟ್ಟಿ ನಿಂತರು. ಟ್ರೇ ಒಳಗೆ ಹೋಯಿತು. ಟಿಕ್ ಎಂದಿತು. ಹಾಳೆ ಬಂತು. ಡಾಕ್ಟರು ನನ್ನ ಹಾಳೆಯ ಪಕ್ಕ ಇಟ್ಟು ನೋಡಿದರು.

ಹೊಂದಲಿಲ್ಲ. ಹಿಂದಿನ ಹಾಗೆಯೇ, ತಲೆಯಿದ್ದಲ್ಲಿ ಬಾಲ.

ಅವಳು ಪರದೆಯನ್ನೇ ನೋಡಿದಳು. ಆಮೇಲೆ ಟ್ರೇ ಹೊರಗೆಳೆದು ಮೇಜಿನ ಮೇಲಿಟ್ಟಳು. ನಾನೂ ಬಗ್ಗಿದೆ. ಪರದೆಯ ಚಿತ್ರದಲ್ಲಿ ಕತ್ತರಿಸಿದ ಮೂಲೆ ಬಲಕ್ಕಿತ್ತು. ಟ್ರೇಯಲ್ಲಿದ್ದ ಜೆಲ್ಲಿನಲ್ಲಿ ಎಡಕ್ಕಿತ್ತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು.

"ನೀನು ತಿರುಗಿಸಿದ್ಯಾ?" ಎಂದೆ.

"ನೀವು ಎಡದಿಂದ ತುಂಬಿದ್ರಾ?" ಎಂದಳು.

ನಿನ್ನೆ ನಾನು ಟೀ ಲೋಟಗಳನ್ನು ಬಲತುದಿಯಿಂದ ತುಂಬುವುದನ್ನು ನೋಡಿ ಅವಳಿಗೆ ಹೊಳೆದಿದೆ. ಲ್ಯಾಬಿಗೆ ಓಡಿಹೋಗಿ, "ಅಕ್ಕ" ಎಂಬ ಸ್ಟಿಕ್ಕರಿನ ಟ್ರೇ ಬಂದರೆ ಚಿತ್ರವನ್ನು ತಾನಾಗೇ ಎಡಬಲ ಮಾಡಿಕೋ ಎಂದು ಯಂತ್ರಕ್ಕೆ ಹೇಳಿಕೊಟ್ಟು ಬಂದಿದ್ದಾಳೆ. ನನಗಾಗಿ ಪ್ರತ್ಯೇಕ ವರ್ಕ್‌ಫ್ಲೋ. ನಾನು ಇತ್ತ ಸರಿ ಮಾಡಿದೆ, ಅವಳು ಅತ್ತ ಸರಿ ಮಾಡಿದಳು. ಎರಡು ಸರಿ ಸೇರಿ ಮತ್ತೆ ತಪ್ಪಾಯಿತು. ಇಂಥ ಪೆದ್ದುತನ ಮಾಡಲು ನಮ್ಮ ಮನೆಯ ಸೊಸೆಯರೇ ಆಗಬೇಕು.

"ಹೂಂ, ಏನಿದು?" ಎಂದರು ಡಾಕ್ಟರು.

"ತಪ್ಪು ನಂದು ಸಾರ್" ಎಂದುಬಿಟ್ಟಳು ಅವಳು. ನಾನು ಬಾಯಿ ತೆರೆಯುವುದರೊಳಗೆ. ಅದರಲ್ಲೂ ಅವಳೇ ಮುಂದು. "ಅಕ್ಕ ಮೊದಲಿಂದಲೂ ಬಲದಿಂದ ತುಂಬೋರು. ವರ್ಕ್‌ಫ್ಲೋ ಹಾಕೋ ಮೊದಲು ನಾನು ಕೇಳಬೇಕಿತ್ತು."

"ಅವಳು ಕೇಳಿದ್ಲು" ಎಂದೆ. ಹೇಗೋ ಹೊರಗೆ ಬಂತು ಮಾತು. "ತುಂಬೋದು ನೋಡ್ಬೇಕು ಅಂತ ಕೇಳಿದ್ಲು, ಫೋಟೋನೂ ಕೇಳಿದ್ಲು. ನಾನೇ ಕೊಡ್ಲಿಲ್ಲ ಸಾರ್."

ಡಾಕ್ಟರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಅವರು ಹೂಂ ಎನ್ನದೇ ಇದ್ದದ್ದು ಇದೇ ಮೊದಲು. ಅವಳು ಆ ತಿರುಗಿಸುವ ಹಂತವನ್ನು ತೆಗೆದು ಅದೇ ಜೆಲ್ಲನ್ನು ಮತ್ತೆ ಒಳಗಿಟ್ಟಳು. ಟಿಕ್. ಎಲ್ಲ ಹೊಂದಿತು, ಮೊದಲಿನಿಂದ ಕೊನೆಯವರೆಗೆ.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. "ಅಕ್ಕಾ, ಇವತ್ತು ಯಾಕೆ ಎಡದಿಂದ ತುಂಬಿದ್ರಿ?" ಎಂದಳು.

"ಭುಜ ನೋಯ್ತಿತ್ತು."

"ಯಾವ ಭುಜ?"

"ಎಡ."

"ಮತ್ತೆ ಬಲಗೈಲಿ ತುಂಬಿದ್ರಾ?"

"ಇಲ್ಲ, ಎಡಗೈಲೇ."

ಹೇಳಿದ ಮೇಲೆ ಗೊತ್ತಾಯಿತು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಳು, ಕಳ್ಳಿ. ಹಿಂದಿನ ಸೀಟಿನವರು ನೋಡುತ್ತಾರೆಂದು ನಾನು ನಗು ತಡೆದುಕೊಂಡೆ.

ಮಾರ್ಚ್ 31, ಸೋಮವಾರ

ಜೆಲ್ ಕೋಣೆಯ ಉಸ್ತುವಾರಿ ನನಗೆ. ಯಂತ್ರ ಇಲ್ಲೇ ಉಳಿಯುತ್ತದೆ, ಅದೂ ನನ್ನ ಕೈಗೆ. ಕತ್ತಲೆ ಕೋಣೆ ಇನ್ನು ಸಾಮಾನು ಇಡುವ ಕೋಣೆಯಂತೆ. ಆಗಲಿ.

ಅವಳನ್ನು ಇನ್ನೊಂದು ಶಾಖೆಗೆ ಕಳಿಸುತ್ತಾರೆ. ಅಲ್ಲಿಗೂ ಇಂಥದೇ ಯಂತ್ರ ತರಿಸುತ್ತಿದ್ದಾರೆ, ಅದನ್ನು ಸಜ್ಜು ಮಾಡಲು ಅವಳೇ ಬೇಕಂತೆ. ಸಂಬಳವೂ ಹೆಚ್ಚು. ಮೈದುನ ಅಲ್ಲೇ ಹತ್ತಿರ ಮನೆ ನೋಡಿಯೂ ಆಗಿದೆ.

ಗೆದ್ದೆ. ನನಗೆ ಬೇಕಾದ್ದೆಲ್ಲ ಸಿಕ್ಕಿತು. ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂತು, ಒಲೆಯೂ ನನ್ನೊಬ್ಬಳದಾಗುತ್ತದೆ. ಅತ್ತೆಗೆ ಹೇಳಿದೆ. "ಒಳ್ಳೇದಾಯ್ತು ಬಿಡು" ಎಂದು ಬೆನ್ನು ತಟ್ಟಿದರು. ಇವರು, "ಏನಿದು, ಗೆದ್ದವರ ಮುಖ ಹೀಗಿರತ್ತಾ?" ಎಂದರು. ಇವರಿಗೆ ಎಲ್ಲದರಲ್ಲೂ ತಮಾಷೆ.

ಆ ಡಾಕ್ಟರಿಗೆ ಒಂದು ಮಾತು ಕೇಳಬೇಕೆಂದಿದ್ದೇನೆ. ಕಲಿಸಿದವರು ನಾವು, ಪೆಟ್ಟು ತಿಂದದ್ದು ನಾವು, ಈಗ ಕೈಗೆ ಬಂದ ಹುಡುಗಿಯನ್ನು ಎತ್ತಿ ಇನ್ನೊಬ್ಬರಿಗೆ ಕೊಡುವುದು ಯಾವ ನ್ಯಾಯ.

ಏಪ್ರಿಲ್ 6, ಭಾನುವಾರ

ಸಾಮಾನು ಹೋಯಿತು. ಅವಳ ಚೀಲದಲ್ಲಿ ನನ್ನ ಹಳೆಯ ಹಳದಿ ಕನ್ನಡಕ ಇಟ್ಟೆ, ಕತ್ತಲೆ ಕೋಣೆಯಲ್ಲಿ ನೇರಳೆ ದೀಪಕ್ಕೆ ಹಾಕಿಕೊಳ್ಳುತ್ತಿದ್ದದ್ದು. ಹೊಸ ಯಂತ್ರಕ್ಕೆ ಅದು ಬೇಕಾಗಿಲ್ಲ. ಮನೆಯಲ್ಲಿ ಕಸ ಕಡಿಮೆಯಾಗಲಿ ಎಂದು ಇಟ್ಟದ್ದು.

ಒಲೆಯ ಮುಂದೆ ಈಗ ಎಷ್ಟು ಜಾಗ. ಟೀಗೆ ಲೋಟ ಇಡುವಾಗ ಎರಡು ಹೆಚ್ಚಿಗೆ ಇಟ್ಟಿದ್ದೆ.

ಏಪ್ರಿಲ್ 9, ಬುಧವಾರ

ಕೆಲಸ ಜಾಸ್ತಿ. ಬರೆಯಲು ಏನಿಲ್ಲ. ಫೋನ್ ಮಾಡಲಿಲ್ಲ ಅವಳು.

ಏಪ್ರಿಲ್ 21, ಸೋಮವಾರ

ಯಂತ್ರದಲ್ಲಿ ಅವಳು ಮಾಡಿಟ್ಟು ಹೋದ ವರ್ಕ್‌ಫ್ಲೋಗಳ ಸಾಲಿನಲ್ಲಿ ಕೊನೆಯದು "ಅಕ್ಕ". ತೆಗೆದುಹಾಕಿದ್ದಾಳೆ ಎಂದುಕೊಂಡಿದ್ದೆ. ಹೋಗುವ ಮೊದಲು ಮತ್ತೆ ಸರಿ ಮಾಡಿಟ್ಟು ಹೋಗಿದ್ದಾಳೆ. ಈಗ ನಾನು ಮೊದಲಿನ ಹಾಗೆ ಬಲದಿಂದಲೇ ತುಂಬುತ್ತೇನೆ. ಸ್ಟಿಕ್ಕರ್ ನೋಡಿ ಯಂತ್ರ ತಾನಾಗೇ ತಿರುಗಿಸಿಕೊಳ್ಳುತ್ತದೆ. ಒಂದೂ ತಪ್ಪಾಗಿಲ್ಲ. ಆದರೂ ಪ್ರತಿ ಚಿತ್ರದಲ್ಲೂ ಮೂಲೆ ನೋಡಿಯೇ ವರದಿ ಕಳಿಸುತ್ತೇನೆ.

ಇವತ್ತು ಕೊನೆಗೂ ಅವಳ ಫೋನ್ ಬಂತು. ಎಷ್ಟು ಹೊತ್ತು ಅದೇ ಲ್ಯಾಬಿನ ಕಥೆ. ಅಲ್ಲಿ ಜೆಲ್ ಮಾಡುವ ಹಿರಿಯರೊಬ್ಬರಿದ್ದಾರಂತೆ. ಅವರ ಕೈ ತುಂಬ ನಯವಂತೆ. ಮಧ್ಯಾಹ್ನ ಡಬ್ಬಿಯಲ್ಲಿ ಇವಳಿಗೂ ಪಾಲು ಕೊಡುತ್ತಾರಂತೆ. "ಆ ಅಕ್ಕ ಹೀಗಂತಾರೆ, ಆ ಅಕ್ಕ ಹಾಗಂತಾರೆ" ಎಂದು ಬಾಯ್ತುಂಬ. ಹೋಗಿ ಹದಿನೈದು ದಿನವಾಗಿದೆ, ಅಷ್ಟರಲ್ಲಿ ಅಕ್ಕನಂತೆ. ಕಂಡಕಂಡವರನ್ನೆಲ್ಲ ಅಕ್ಕ ಎನ್ನಲು ಇವಳಿಗೆ ನಾಚಿಕೆಯಾಗುವುದಿಲ್ಲವೇ? ನಯವಾದ ಕೈಯಂತೆ. ನಾನು ನೋಡದ ಕೈಯೇ.

ಇದೊಂದಕ್ಕೆ ಮಾತ್ರ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಮಾತು ಮುಗಿಸಿ ಫೋನ್ ಇಡುವ ಮೊದಲು, ಏನೋ ನೆನಪಾದವಳ ಹಾಗೆ ಕೇಳಿದೆ, "ಅವರಿಗೂ ಅಲ್ಲಿ ಬೇರೆ ವರ್ಕ್‌ಫ್ಲೋ ಮಾಡಿಕೊಟ್ಯಾ?"

"ಇಲ್ಲಕ್ಕಾ, ಅವರು ಬಲಗೈಯವರು. ಎಲ್ಲರದ್ದೇ ಸಾಕು ಅವರಿಗೆ."

ಊಟ ಚೆನ್ನಾಗಿ ಸೇರಿತು. ಭಾನುವಾರ ಬರುತ್ತಾಳಂತೆ, ಮೊಸರಿನ ಕೆನೆ ತೆಗೆದಿಡಬೇಕು.